ಬುಷ್ ಕಾರ್ಖಾನೆಯ ಅಳಿಯ

ಕಾರ್ಖಾನೆ ಎಂದರೆ ಕಬ್ಬಿಣ, ಎಣ್ಣೆ, ಸದ್ದು ಅಷ್ಟೇ ಎಂದುಕೊಂಡವರು ನಮ್ಮ ಮಾಲೂರಿನ ಕಾರ್ಖಾನೆಗೆ ಬಂದು ಒಂದು ದಿನ ಕೂತರೆ ಸಾಕು. ಇಲ್ಲಿ ಕರೆಂಟು ಹೋಗಿ ಮೆಷಿನ್ನು ನಿಂತದ್ದುಂಟು, ಆದರೆ ನಗುವಂಥದ್ದು ಏನಾದರೊಂದು ನಡೆಯುವುದು ಮಾತ್ರ ಯಾವತ್ತೂ ನಿಂತಿಲ್ಲ. ಅದರಲ್ಲಿ ಅರ್ಧ ನನ್ನಿಂದಲೇ ನಡೆದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನ್ನ ಮೇಲಿನ ಪ್ರೀತಿಯಿಂದ ಅವಳು ಕಡಿಮೆಯೇ ಹೇಳಿದ್ದಾಳೆ.

ನಾವು ಮಾಡುವುದು ಬುಷ್ಷು. ತಿರುಗುವ ಶಾಫ್ಟಿಗೂ ಅದು ಕೂರುವ ತೂತಿಗೂ ನಡುವೆ ಕೂತು, ಅವೆರಡೂ ಉಜ್ಜಿಕೊಂಡು ಸವೆಯದಂತೆ ನೋಡಿಕೊಳ್ಳುವ ದಪ್ಪ ಬಳೆಯಂಥ ಕಂಚಿನ ತುಂಡು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಹೀಗೆ ತಿರುಗುವ ಎಷ್ಟೋ ಯಂತ್ರಗಳ ಹೊಟ್ಟೆಯೊಳಗೆ ನಮ್ಮ ಬುಷ್ ಇದೆ. ಹೊಟ್ಟೆಯೊಳಗೆ ಇರುವುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಲೋಹ ಕಡೆಯುವ ಎರಡು ಹಳೆಯ ಲೇತುಗಳನ್ನು ಹಾಕಿಕೊಂಡು ಇದನ್ನು ಶುರುಮಾಡಿದವರು ನಮ್ಮ ಹಳೇ ಯಜಮಾನರು. ಅವರು ಈಗಿಲ್ಲ. ನಾಲ್ಕು ಕಟ್ಟಡ, ಮೂರು ಪಾಳಿಗೆ ಬೆಳೆದ ಕಾರ್ಖಾನೆಯನ್ನು ಅವರ ಮಗಳು ನಡೆಸುತ್ತಾರೆ, ನಾವೆಲ್ಲ ಮೇಡಂ ಎನ್ನುತ್ತೇವೆ. ನಾನು ಮಾಸ್ತಿ ಕಡೆಯವನು. ಐಟಿಐ ಮುಗಿಸಿ ಲೇತು ನಡೆಸುವ ಟರ್ನರ್ ಆಗಿ ಸೇರಿದವನು ಇವತ್ತು ಇನ್ಸ್‌ಪೆಕ್ಷನ್ ವಿಭಾಗದ ಮುಖ್ಯಸ್ಥ. ನಾನು ಅಳೆದು ಸೈ ಎನ್ನದೆ ಒಂದು ಬುಷ್ಷೂ ಗೇಟು ದಾಟುವುದಿಲ್ಲ. ಹೆಮ್ಮೆ ಇದೆ, ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ಇಷ್ಟಿದ್ದೂ ಒಂದೇ ಒಂದು ಕೊರಗು ಇತ್ತು. ಅದು ನನ್ನ ಮಾವ. ಮುಳಬಾಗಿಲು ಕಡೆಯ ರೈತರು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ಯಾರನ್ನಾದರೂ, ಏನನ್ನಾದರೂ ಹೊಗಳಿದರು ಎಂದರೆ ಅದು "ಪರವಾಗಿಲ್ಲ" ಎಂಬ ಒಂದೇ ಮಾತು. ಅದರ ಮೇಲೆ ಅವರಲ್ಲಿ ಹೊಗಳಿಕೆಯೇ ಇಲ್ಲ. ಹದವಾಗಿ ಮಳೆ ಬಿದ್ದರೆ ಪರವಾಗಿಲ್ಲ, ಹಸು ಎರಡೂ ಹೊತ್ತು ತಂಬಿಗೆ ತುಂಬ ಕರೆದರೆ ಪರವಾಗಿಲ್ಲ, ಮೊಮ್ಮಗಳು ತರಗತಿಗೇ ಮೊದಲು ಬಂದರೆ ಪರವಾಗಿಲ್ಲ. ನನ್ನ ಕೆಲಸದ ಬಗ್ಗೆ ಮಾತ್ರ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ಒಂದು ಸಲವಾದರೂ ಅದನ್ನು ಕೇಳಬೇಕೆಂದು ನಾನು ಪಟ್ಟ ಪಾಡು ನನಗೇ ಗೊತ್ತು.

ಮಂಚದ ಕೆಳಗೆ

ಹೆಣ್ಣು ನೋಡಲು ಹೋದ ದಿನವೇ ಇದು ಶುರುವಾಯಿತು. ಹುಡುಗನ ಕೆಲಸ ಏನು ಎಂದು ಕೇಳಿದಾಗ ನನ್ನ ಚಿಕ್ಕಪ್ಪ, "ಬುಷ್ ಮಾಡ್ತಾನೆ" ಎಂದರು. ನಡುಮನೆಯಲ್ಲಿ ಕೂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಹೀಗಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿದ್ದ ಬುಷ್ಷನ್ನು ತೆಗೆದು ಕೇಸರಿಬಾತಿನ ತಟ್ಟೆಯ ಪಕ್ಕದಲ್ಲಿಟ್ಟೆ. ನಾನೇ ಮಾಡಿದ್ದು, ಫಳಫಳ ಹೊಳೆಯುತ್ತಿತ್ತು.

ಮಾವನಾಗಲಿದ್ದವರು ಅದನ್ನು ಎತ್ತಿಕೊಂಡರು. ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನ ಚಿಕ್ಕಪ್ಪನನ್ನು ನೋಡಿದರು. ಒಂದು ಸಲ ಊದಿದರು. ಆಮೇಲೆ ತೆಲುಗಿನಲ್ಲಿ, "ಇಂತೇನಾ?" ಎಂದರು. ಇಷ್ಟೇನಾ ಎಂದು ಅರ್ಥ.

"ಇಷ್ಟೇ ಯಜಮಾನ್ರೇ" ಎಂದೆ.

"ಮಿಕ್ಕಿದ್ದು ಯಾರು ಮಾಡ್ತಾರೆ?"

"ಮಿಕ್ಕಿದ್ದು ಅಂದ್ರೆ ಟ್ರ್ಯಾಕ್ಟರು. ಅದನ್ನ ಬೇರೆ ಕಂಪನಿಯೋರು ಮಾಡ್ತಾರೆ."

"ಹಂಗಾದ್ರೆ ಟ್ರ್ಯಾಕ್ಟರೆಲ್ಲ ಅವರೇ ಮಾಡ್ಕೊಂಡು, ತೂತು ಮಾತ್ರ ನಿಮಗೆ ಬಿಟ್ಟವ್ರೆ ಅನ್ನಿ."

ಎಲ್ಲರೂ ನಕ್ಕರು. ನನ್ನ ಚಿಕ್ಕಪ್ಪನೂ ನಕ್ಕರು, ಅದೇ ನನಗೆ ಹೆಚ್ಚು ನೋವಾದದ್ದು. ಅಷ್ಟರಲ್ಲಿ ಆ ಮನೆಯ ಅಜ್ಜಿ ನೋಡುತ್ತೇನೆಂದು ಕೈ ಚಾಚಿ ಬುಷ್ಷನ್ನು ಬೀಳಿಸಿಬಿಟ್ಟರು. ಅದು ಉರುಳುರುಳಿ ಮಂಚದ ಕೆಳಗೆ ಹೋಯಿತು. ನನಗೆ ಮೈಮೇಲೆ ಜ್ಞಾನವಿರಲಿಲ್ಲ. ಹೊಸ ಪ್ಯಾಂಟು, ಇಸ್ತ್ರಿ ಅಂಗಿ ಎಲ್ಲ ಮರೆತು ಹೊಟ್ಟೆಯ ಮೇಲೆ ತೆವಳಿಕೊಂಡು ಮಂಚದ ಕೆಳಗೆ ನುಗ್ಗಿದೆ. ಹುಡುಗಿ ಕಾಫಿ ತಂದದ್ದು ಸರಿಯಾಗಿ ಆಗಲೇ.

ಇಷ್ಟಾದ ಮೇಲೂ ಸಂಬಂಧ ಕುದುರಿತು. ಹೇಗೆ ಒಪ್ಪಿದೆ ಎಂದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿಯನ್ನು ಕೇಳಿದೆ. "ಒಳಗೆ ಬಂದಾಗ ನನಗೆ ಕಂಡಿದ್ದು ನಿಮ್ಮ ಎರಡು ಕಾಲು ಮಾತ್ರ. ಒಂದು ಚೂರು ಕಂಚಿಗೆ ಹಿಂಗೆ ತೆವಳೋರು ಹೆಂಡ್ತಿನ ಕೈಬಿಡಲ್ಲ ಅನ್ನಿಸ್ತು. ಮುಖ ನೋಡೋ ಹೊತ್ತಿಗೆ ಒಪ್ಪಿಬಿಟ್ಟಿದ್ದೆ, ಏನ್ಮಾಡೋದು" ಎಂದಳು.

ಏನೂ ಇಲ್ಲದ ಕಲ್ಲು

ಇದು ಹಳೇ ಯಜಮಾನರ ಕಾಲದ್ದು. ಬುಷ್ಷನ್ನು ಇಟ್ಟು ಅಳೆಯಲು ಅತ್ಯಂತ ಸಪಾಟಾದ ಒಂದು ಕಲ್ಲು ಬೇಕು. ಅದಿಲ್ಲದೆ ನಿಮ್ಮ ಅಳತೆಯನ್ನು ನಂಬುವುದಿಲ್ಲ ಎಂದು ದೊಡ್ಡ ಗಿರಾಕಿಯೊಬ್ಬರು ಹೇಳಿಬಿಟ್ಟರು. ಹೊರಗಿನಿಂದ ತರಿಸಲು ವಿಚಾರಿಸಿದರೆ ಬರಲು ವರ್ಷವೇ ಆಗುತ್ತದೆ ಎಂದರು. ಯಜಮಾನರಿಗೆ ರೇಗಿತು. "ಕಲ್ಲು ಕೆತ್ತೋ ಶಿವಾರಪಟ್ಟಣಾನ ಪಕ್ಕದಲ್ಲೇ ಇಟ್ಕೊಂಡು ಕಲ್ಲಿಗೆ ಊರೂರು ಅಲೀಬೇಕೇನಯ್ಯಾ?" ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು.

ಅಲ್ಲಿನ ವಿಗ್ರಹ ಕೆತ್ತುವ ಆಚಾರ್ಯರೊಬ್ಬರು ಉಳಿ ಕೆಳಗಿಟ್ಟು, "ಯಾವ ದೇವರು ಸ್ವಾಮಿ?" ಎಂದರು.

"ದೇವರು ಬೇಡ ಆಚಾರ್ರೇ. ಸಪಾಟಾಗಿ ಒಂದು ಕಲ್ಲು."

"ಪೀಠಾನಾ?"

"ಅಲ್ಲ."

"ಮತ್ತೆ ಅಕ್ಷರ ಕೆತ್ತಬೇಕಾ?"

"ಏನೂ ಕೆತ್ತಬಾರದು. ಅದರ ಮೇಲೆ ಏನೂ ಇರಬಾರದು. ಕೂದಲೆಳೆಯಷ್ಟು ಉಬ್ಬೂ ಇರಬಾರದು, ತಗ್ಗೂ ಇರಬಾರದು."

ಆಚಾರ್ಯರು ಪಕ್ಕದಲ್ಲಿದ್ದ ಕಲ್ಲನ್ನು ಒಂದು ಸಲ ಅಂಗೈಯಿಂದ ಸವರಿ ನೋಡಿದರು. "ಹತ್ತು ತಲೆ ರಾವಣನ್ನ ಕೇಳಿ, ಒಂದು ತಿಂಗಳಲ್ಲಿ ಕೊಡ್ತೀನಿ. ಏನೂ ಇಲ್ದಿರೋದಕ್ಕೆ ಮೂರು ತಿಂಗಳು ಬೇಕು" ಎಂದರು.

ಮೂರು ತಿಂಗಳು ತೆಗೆದುಕೊಂಡರು ಕೂಡ. ನಾವು ಕೊಟ್ಟ ಉಕ್ಕಿನ ಪಟ್ಟಿಗೆ ನೀಲಿ ಬಣ್ಣ ಬಳಿದು ಕಲ್ಲಿನ ಮೇಲೆ ಎಳೆಯುವುದು, ಬಣ್ಣ ಹತ್ತಿದ ಕಡೆ ಉಬ್ಬಿದೆ ಎಂದು ತಿಳಿದು ಅಲ್ಲಿ ಉಜ್ಜುವುದು, ಮತ್ತೆ ಎಳೆಯುವುದು. ಗಿರಾಕಿಯ ಕಡೆಯವರು ಬಂದು ಪರೀಕ್ಷಿಸಿ, ಇದನ್ನು ಯಾವ ದೇಶದಿಂದ ತರಿಸಿದಿರಿ ಎಂದು ಕೇಳಿದರು. ಹದಿನೈದು ನಿಮಿಷದ ದಾರಿ ಎಂದು ಯಜಮಾನರು ಹೇಳಿದಾಗ ನನಗೆ ಎದೆ ಉಬ್ಬಿಬಂತು.

ತೊಂದರೆ ಬಂದದ್ದು ಆ ವರ್ಷದ ಆಯುಧಪೂಜೆಯ ದಿನ. ಆಚಾರ್ಯರ ಕೈಯಿಂದ ಬಂದ ಕಲ್ಲು ಎಂದ ಮೇಲೆ ದೇವರೇ ಎಂದು ನಮ್ಮ ಹುಡುಗರೆಲ್ಲ ಅದರ ಹತ್ತಿರ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಅವತ್ತು ನಮ್ಮ ಹಿರಿಯ ಟರ್ನರ್ ಒಬ್ಬ ತೆಂಗಿನಕಾಯಿ ಹಿಡಿದು ಬಂದು, ಅದರ ಮೇಲೇ ಒಡೆಯಲು ಕೈ ಎತ್ತಿದ. ಎಂದೂ ಓಡದ ಯಜಮಾನರು ಆಫೀಸಿನಿಂದ ಓಡಿಬಂದು ಕಲ್ಲಿನ ಮೇಲೆ ಬೋರಲು ಬಿದ್ದು ಅದನ್ನು ತಬ್ಬಿಕೊಂಡರು. "ಬೇಕಾದ್ರೆ ನನ್ನ ತಲೆ ಮೇಲೆ ಒಡಿ, ಕಲ್ಲಿಗೆ ಮಾತ್ರ ಮುಟ್ಟಿಸ್ಬೇಡ!"

ಟರ್ನರ್ ಎತ್ತಿದ ಕೈ ಇಳಿಸದೆ ಅವರ ಬೋಳು ತಲೆಯನ್ನು ಒಂದು ಸಲ ಚೆನ್ನಾಗಿ ನೋಡಿದ. "ಬೇಡ ಯಜಮಾನ್ರೇ, ಅದು ಗುಂಡಗಿದೆ, ಕಾಯಿ ಜಾರುತ್ತೆ" ಎಂದ.

ಮುಂದಿನ ಸಲ ಮುಳಬಾಗಿಲಿಗೆ ಹೋದಾಗ ಇದನ್ನೆಲ್ಲ ಮಾವನವರಿಗೆ ರಸವತ್ತಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಆ ಆಚಾರ್ರು ಪರವಾಗಿಲ್ಲ" ಎಂದರು.

ಕೆಂಪು ಬಣ್ಣದ ಮಾವಿನಕಾಯಿ

ನಮ್ಮಲ್ಲಿ ಒಂದು ನಿಯಮವಿದೆ. ಅಳತೆಗೆ ಬಾರದ ಬುಷ್ಷಿಗೆ ಕೆಂಪು ಬಣ್ಣ ಬಳಿದು, ಅದನ್ನು ಮಾಡಿದವನ ಎದುರಿಗೇ ಎರಡು ಹೋಳು ಮಾಡಬೇಕು. ಇಲ್ಲದಿದ್ದರೆ ಕಣ್ತಪ್ಪಿ ಒಳ್ಳೆಯದರ ಜೊತೆ ಸೇರಿ ಹೊರಟುಬಿಡುತ್ತದೆ. ನನ್ನ ಕೈಕೆಳಗಿನ ಶ್ರೀನಿವಾಸಪುರದ ಇನ್ಸ್‌ಪೆಕ್ಟರನಿಗೆ ಈ ನಿಯಮ ರಕ್ತದಲ್ಲೇ ಇಳಿದಿತ್ತು. ಅವರದು ಮಾವಿನ ತೋಟ. ಒಂದು ವರ್ಷ ಕಾಯಿ ಕೀಳುವ ಕಾಲಕ್ಕೆ ರಜೆ ಹಾಕಿ ಊರಿಗೆ ಹೋದ. ಹೋಗುವಾಗ ತಂತಿಯಲ್ಲಿ ಮೂರು ಅಳತೆಯ ಬಳೆ ಮಾಡಿಕೊಂಡು ಹೋಗಿದ್ದ, ಜೊತೆಗೆ ಒಂದು ಡಬ್ಬಿ ಕೆಂಪು ಬಣ್ಣ.

ಮರದ ಕೆಳಗೆ ಕೂತು ಒಂದೊಂದೇ ಕಾಯಿಯನ್ನು ಬಳೆಯೊಳಗೆ ತೂರಿಸಿ ನೋಡುವುದು, ಸರಿಯಿದ್ದರೆ ಬುಟ್ಟಿಗೆ ಹಾಕುವುದು, ಇಲ್ಲದಿದ್ದರೆ ಬಣ್ಣ ಬಳಿದು ಚಾಕು ತೆಗೆದು ಎರಡು ಹೋಳು ಮಾಡುವುದು. ಅವರಪ್ಪ ನೀರಿಗೆ ಹೋಗಿ ಬರುವಷ್ಟರಲ್ಲಿ ಒಂದು ಗುಡ್ಡೆ ಹೋಳಾಗಿತ್ತು.

"ಲೇ, ಇದು ಮರ ಹೆತ್ತಿದ್ದು ಕಣೋ, ನಿನ್ನ ಮೆಷಿನ್ನು ಹೆತ್ತಿದ್ದಲ್ಲ!" ಎಂದು ತಲೆಯ ಮೇಲೆ ಕೈ ಹೊತ್ತುಕೊಂಡರಂತೆ.

ಪಕ್ಕದ ತೋಟದ ಅಜ್ಜ ಉಪ್ಪು, ಖಾರದಪುಡಿ ಪೊಟ್ಟಣ ಕಟ್ಟಿಕೊಂಡು ಬಂದು ಇವನ ಪಕ್ಕದಲ್ಲೇ ಕೂತುಬಿಟ್ಟಿದ್ದ. ಇವನು ಒಂದು ಕಾಯಿಯನ್ನು ಬುಟ್ಟಿಗೆ ಹಾಕಲು ಹೋದರೆ, "ಅಪ್ಪಯ್ಯಾ, ಅದು ಒಂಚೂರು ಸೊಟ್ಟಗೈತೆ ನೋಡು" ಎನ್ನುತ್ತಿದ್ದನಂತೆ.

ಆದರೆ ಬುಟ್ಟಿಗೆ ಸೇರಿದ ಕಾಯಿ ಇತ್ತಲ್ಲ, ಒಂದೇ ತಾಯಿ ಮಕ್ಕಳ ಹಾಗೆ. ಮಂಡಿಯ ವ್ಯಾಪಾರಿ ಮೇಲಿನ ಸಾಲು ನೋಡಿದ, ಕೆಳಗೆ ಕೈಹಾಕಿ ನೋಡಿದ, ಎರಡನೇ ಮಾತಾಡದೆ ಎತ್ತಿಕೊಂಡು ಹೋದ. ಮುಂದಿನ ವರ್ಷ ಅವರಪ್ಪನೇ ನನಗೆ ಫೋನು ಮಾಡಿದರು. "ಸಾರ್, ನಮ್ಮೋನ್ನ ಒಂದು ವಾರ ಕಳಿಸ್ಕೊಡಿ. ಬಳೆ ತರ್ಲಿ. ಚಾಕು ಮಾತ್ರ ಗೇಟಲ್ಲೇ ಇಸ್ಕೊಂಡು ಕಳ್ಸಿ."

ನಾಲ್ಕು ತಾಲ್ಲೂಕಿಗೆ ಒಂದು ಚುಕ್ಕೆ

ನಮ್ಮ ಬುಷ್ಷಿನ ಮೇಲೆ ನಮ್ಮದು ಎಂಬ ಗುರುತೇ ಇಲ್ಲವಲ್ಲ ಎಂಬುದು ಎಲ್ಲ ಕೆಲಸಗಾರರ ಹಳೆಯ ದೂರು. ಮೇಡಂ ಬಂದ ಮೇಲೆ ಗಿರಾಕಿಗಳ ಹತ್ತಿರ ಕೇಳಿ ಕೇಳಿ ಒಪ್ಪಿಸಿದರು. ಅಕ್ಷರ ಬೇಡ, ಎಳ್ಳುಕಾಳಿನಷ್ಟು ಒಂದು ಗುರುತು ಹಾಕಿಕೊಳ್ಳಿ ಎಂದರು ಅವರು. ಏನು ಗುರುತು ಹಾಕೋಣ ಎಂದು ಮೇಡಂ ಸಭೆ ಕರೆದರು. ಅದೇ ತಪ್ಪಾಯಿತು.

ಕೋಲಾರದವನು ಎದ್ದು, ಟೊಮೇಟೊ ಹಾಕಿ ಮೇಡಂ, ಇಡೀ ದೇಶಕ್ಕೆ ನಮ್ಮ ಮಾರ್ಕೆಟ್ಟಿಂದ ಹೋಗುತ್ತೆ ಎಂದ. ಶ್ರೀನಿವಾಸಪುರದವನು ಮಾವಿನಕಾಯಿ ಬಿಟ್ಟರೆ ಬೇರೆ ಮಾತೇ ಇಲ್ಲ ಎಂದ. ಮುಳಬಾಗಿಲಿನವನು, "ಟೊಮೇಟೊ ಎಲ್ಲಾದ್ರೂ ಬೆಳೀತಾರೆ. ಮುಳಬಾಗಿಲು ದೋಸೆ ಬೇರೆ ಎಲ್ಲಾದ್ರೂ ಆಗುತ್ತಾ ಹೇಳಿ?" ಎಂದ. ಮಾಲೂರಿನವನು, ಕಾರ್ಖಾನೆ ಇರೋದು ನಮ್ಮೂರಲ್ಲಿ, ಹಂಚೇ ಆಗಬೇಕು ಎಂದು ಮೇಜು ಕುಟ್ಟಿದ. ಅರ್ಧ ಗಂಟೆ ಒಂದು ಲೇತೂ ತಿರುಗಲಿಲ್ಲ.

ಮೇಡಂ ಎದ್ದು ಹೋಗಿ ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟರು. "ನೋಡಿ, ಇದು ಟೊಮೇಟೊ. ದೂರದಿಂದ ನೋಡಿದ್ರೆ ಮಾವಿನಕಾಯಿ. ಇನ್ನೂ ದೂರ ಹೋದ್ರೆ ದೋಸೆ. ಆಯ್ತಾ?"

ಮೂರು ತಾಲ್ಲೂಕು ತೆಪ್ಪಗಾಯಿತು. ಮಾಲೂರಿನವನು ಮಾತ್ರ ಬಿಡಲಿಲ್ಲ. "ಹಂಚು ಗುಂಡಗಿರಲ್ಲ ಮೇಡಂ!"

"ಹಂಚಲ್ಲ, ಹಂಚಲ್ಲಿದ್ದ ತೂತು ಅಂದ್ಕೊಳ್ಳಿ. ನಮ್ಮಪ್ಪ ಶೆಡ್ಡು ಹಿಡಿದಾಗ ಮೇಲೆ ಇದ್ದಿದ್ದು ಅದೇ ಜಾಸ್ತಿ" ಎಂದರು ಮೇಡಂ.

ಇದನ್ನೂ ಮಾವನವರಿಗೆ ಹೇಳಿದೆ. ಅವರ ಮುಖ ಅರಳಿತು. ಇವತ್ತು ಬಂದೇ ಬರುತ್ತದೆ ಎಂದು ನಾನು ಕಿವಿ ನಿಮಿರಿಸಿ ಕೂತೆ. "ದೋಸೆ ಅಂದ್ನಲ್ಲ, ಆ ಹುಡುಗ ಪರವಾಗಿಲ್ಲ" ಎಂದರು.

ಮಾವನವರ ಹೆಬ್ಬೆರಳು

ಹೋದ ವರ್ಷ ಮೇಡಂ ಎಲ್ಲರ ಮನೆಯವರನ್ನೂ ಕಾರ್ಖಾನೆ ನೋಡಲು ಕರೆದರು. ಆ ದಿನಕ್ಕೆ ಸರಿಯಾಗಿ ರೈಲಿನ ಬೋಗಿಗೆಂದು ನಾವು ಮಾಡಿದ ಬುಷ್ಷುಗಳ ಮೊದಲ ಲಾಟ್ ಸಿದ್ಧವಾಗಿತ್ತು. ಅಷ್ಟು ದೊಡ್ಡ ಕೆಲಸ ನಮ್ಮ ಕಾರ್ಖಾನೆಗೆ ಅದುವರೆಗೆ ಸಿಕ್ಕಿರಲಿಲ್ಲ. ಪೆಟ್ಟಿಗೆಗಳ ಮೇಲೆಲ್ಲ ನನ್ನ ಸಹಿ, ಲಾರಿ ಗೇಟಿನಲ್ಲಿ ನಿಂತಿತ್ತು. ಈ ಅವಕಾಶ ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ ಎಂದುಕೊಂಡು ಮಾವನವರನ್ನು ನಾನೇ ಹೋಗಿ ಕರೆದುಕೊಂಡು ಬಂದೆ.

ಹೊಸ ಮೆಷಿನ್ನುಗಳನ್ನು ತೋರಿಸಿದೆ. "ಹೂಂ" ಎಂದರು. ಕುಲುಮೆ ತೋರಿಸಿದೆ. "ಬಿಸಿಲು ಜಾಸ್ತಿ" ಎಂದರು. ಕೊನೆಗೆ ನನ್ನ ಇನ್ಸ್‌ಪೆಕ್ಷನ್ ಕೋಣೆಗೆ ಕರೆತಂದು, ರೈಲಿಗೆ ಹೊರಟ ಪೆಟ್ಟಿಗೆಯೊಂದನ್ನು ಬಿಚ್ಚಿಸಿ, ಒಂದು ಬುಷ್ಷನ್ನು ಬಿಳಿ ಬಟ್ಟೆಯ ಮೇಲಿಟ್ಟು ಕೊಟ್ಟೆ. ಸುತ್ತ ಐವತ್ತು ಜನ ಇದ್ದರು. ನನ್ನ ಹೆಂಡತಿ, ಮಗಳು ಎದುರಿಗೇ ನಿಂತಿದ್ದರು.

ಮಾವನವರು ಈ ಸಲ ಅದರೊಳಗಿಂದ ಯಾರನ್ನೂ ನೋಡಲಿಲ್ಲ. ಹೆಬ್ಬೆರಳನ್ನು ಒಳಗೆ ಹಾಕಿ ಮೆಲ್ಲಗೆ ತಿರುಗಿಸಿದರು. ಅವರದು ಜೀವನವಿಡೀ ರೇಷ್ಮೆಗೂಡು ಒತ್ತಿ ನೋಡಿದ ಬೆರಳು. ರಾಶಿಯೊಳಗೆ ಕೈ ಹಾಕಿ, ಕಣ್ಣು ಎಲ್ಲೋ ಇಟ್ಟುಕೊಂಡು, ಯಾವ ಗೂಡು ಮೆತ್ತಗಿದೆ ಎಂದು ಹೇಳಬಲ್ಲವರು. ಬೆರಳು ಒಂದು ಕಡೆ ನಿಂತಿತು. ಉಗುರಿನಿಂದ ಅಲ್ಲೇ ಎರಡು ಸಲ ಕೆರೆದರು.

"ಅಲ್ಲುಡುಗಾರು, ಲೋಪಲ ಏದೋ ಗೀರುಕುಂದಿ" ಎಂದರು. ಅಳಿಯಂದ್ರೇ, ಒಳಗೆ ಏನೋ ಗೀರಿದೆ ಎಂದು.

ನಾನು ನಕ್ಕುಬಿಟ್ಟೆ. "ಮಾವ, ಇದನ್ನ ಮೂರು ಮೆಷಿನ್ನಲ್ಲಿ ಅಳತೆ ಮಾಡಿದೀವಿ."

"ಅಳತೆ ಸರಿ ಇರಬೌದು. ಗೀರು ಐತೆ."

"ಕಣ್ಣಿಗೆ ಏನೂ ಕಾಣಲ್ಲ ನೋಡಿ."

"ನಾನೇನು ಕಣ್ಣಲ್ಲಿ ನೋಡಿದ್ನಾ? ಉಗುರಿಗೆ ಸಿಕ್ತು."

ಮಾತು ಏರುತ್ತಿದ್ದದ್ದು ಕೇಳಿ ಮೇಡಂ ಬಂದರು. ಪರೀಕ್ಷೆ ಮಾಡಿ ಎಂದರು. ಬುಷ್ಷನ್ನು ಭೂತಗನ್ನಡಿಯ ಕೆಳಗಿಟ್ಟು ಬೆಳಕು ಬಿಟ್ಟೆ. ಕೂದಲಿಗಿಂತ ಸಣ್ಣ ಗೀರೊಂದು ಒಳಗೋಡೆಯಲ್ಲಿ ಸುತ್ತಿಕೊಂಡು ಹೋಗಿತ್ತು. ಇನ್ನೊಂದು ತೆಗೆದೆ. ಅದರಲ್ಲೂ ಇತ್ತು. ಒಳಗೋಡೆ ಕಡೆಯುವ ಉಪಕರಣದ ತುದಿಗೆ ಲೋಹದ ಪುಡಿಯೊಂದು ಅಂಟಿಕೊಂಡು, ಅಳತೆ ಕೆಡಿಸದೆ ಲಾಟಿನ ಅರ್ಧದಷ್ಟು ಬುಷ್ಷುಗಳನ್ನು ಗೀರಿಕೊಂಡು ಹೋಗಿತ್ತು. ನಾವು ಅಳೆದಿದ್ದೆವು, ಯಾರೂ ಮುಟ್ಟಿ ನೋಡಿರಲಿಲ್ಲ.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಸುಳ್ಳು ಹೇಳುವುದಿಲ್ಲ, ಅದೇ ಗಳಿಗೆಯಲ್ಲಿ ಒಂದು ಹೆಮ್ಮೆಯೂ ಆಯಿತು. ಐವತ್ತು ಜನರ ಎದುರಿಗೆ ಮೇಡಂ ಒಂದು ಕ್ಷಣವೂ ಯೋಚಿಸದೆ, "ಲಾರಿ ವಾಪಸ್ ಕಳ್ಸಿ" ಎಂದರು. ನಾನೇ ನನ್ನ ಸಹಿ ಹೊಡೆದುಹಾಕಿದೆ. ಎರಡು ದಿನ ಮೂರು ಪಾಳಿಯವರೂ ಸೇರಿ ಮತ್ತೆ ಮಾಡಿದೆವು. ರೈಲಿನವರು ಒಂದನ್ನೂ ತಿರಸ್ಕರಿಸಲಿಲ್ಲ. ಆ ಕೆಲಸ ಈಗ ನಮ್ಮದೇ.

ಅವತ್ತು ಮೇಡಂ ಮಾವನವರಿಗೆ ಕೈಮುಗಿದು, "ನೀವು ತಿಂಗಳಿಗೊಂದ್ಸಲ ಬಂದು ನೋಡಿ ಹೋಗ್ಬೇಕು ಯಜಮಾನ್ರೇ" ಎಂದು ಮರ್ಯಾದೆಗೆ ಒಂದು ಮಾತು ಹೇಳಿದರು. ಮರ್ಯಾದೆಯ ಮಾತು ಎಂದರೇನೆಂದು ನಮ್ಮ ಮಾವನವರಿಗೆ ಗೊತ್ತಿಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಮುಳಬಾಗಿಲಿನಿಂದ ಕೋಲಾರಕ್ಕೆ ಒಂದು ಬಸ್ಸು, ಅಲ್ಲಿಂದ ಮಾಲೂರಿಗೆ ಇನ್ನೊಂದು ಬಸ್ಸು ಹಿಡಿದು ಬಂದುಬಿಟ್ಟರು. ಅಂದಿನಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಗೇಟಿನವನು ಸೆಲ್ಯೂಟ್ ಹೊಡೆಯುತ್ತಾನೆ. ನನ್ನ ಕುರ್ಚಿಯಲ್ಲಿ ಕೂರುತ್ತಾರೆ. ನಾನು ನಿಂತಿರುತ್ತೇನೆ.

ಮೊನ್ನೆ ಅವರನ್ನು ಊರಿಗೆ ಬಿಡಲು ನಾನೂ ಜೊತೆಗೆ ಹೋದೆ. ಕೋಲಾರದಲ್ಲಿ ಬಸ್ಸು ಹತ್ತಿದ ಅವರ ಊರಿನವರೊಬ್ಬರು ನಮ್ಮ ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿ, "ಅಳಿಯಂದ್ರಿಗೆ ಏನ್ ಕೆಲಸ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ನೋಡುವವನಂತೆ ನಟಿಸಿದೆ.

"ಬುಷ್ ಕಾರ್ಖಾನೇಲಿ ದೊಡ್ಡ ಇನ್ಸ್‌ಪೆಕ್ಟ್ರು. ಟ್ರ್ಯಾಕ್ಟರು, ರೈಲು ಎಲ್ಲಾ ಓಡೋದು ಇವರು ಸರಿ ಅಂದ್ಮೇಲೇನೇ" ಎಂದರು ಮಾವ.

ನಾನು ಕಿಟಕಿ ಮರೆತು ಇತ್ತ ತಿರುಗಿದೆ. ಆ ಮನುಷ್ಯ ಇನ್ನೂ ಕೇಳಿದ, "ಅಷ್ಟು ದೊಡ್ಡ ಜವಾಬ್ದಾರಿ. ಹೆಂಗೆ, ಕೆಲಸ ಚೆನ್ನಾಗಿ ಮಾಡ್ತಾರಾ?"

ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪರವಾಗಿಲ್ಲ" ಎಂದರು.

ಇಷ್ಟು ವರ್ಷದ ಮೇಲೆ ಬಂತು. ಬಸ್ಸಿನಲ್ಲೇ ನನ್ನ ಕಣ್ಣು ತುಂಬಿಕೊಂಡಿತು. ಕರ್ಚೀಫಿಗಾಗಿ ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವರು ಮುಂದಿನ ಸೀಟಿನ ಕಡೆ ಬಾಗಿ, ದನಿ ತಗ್ಗಿಸಿ, ಮಿಕ್ಕಿದ್ದನ್ನೂ ಹೇಳಿ ಮುಗಿಸಿದರು.

"ಅವರು ನೋಡಿದ್ಮೇಲೆ ನಾನು ಒಂದ್ಸಲ ನೋಡ್ತೀನಲ್ಲ!"